ಚೌಕಾಸಿ ಮಾಡದ ರಾತ್ರಿ

ಮಾಪುಸಾ ಸಂತೆಯಲ್ಲಿ ಒಣಮೀನು ಮಾರುವ ಎಸ್ಪೆರಾನ್ಸಾ
ಏಳನೇ ಮಂಚಕ್ಕೆ ಬಂದ ಗಳಿಗೆಯಿಂದ
ಎಲ್ಲದಕ್ಕೂ ಚೌಕಾಸಿ.
ಎರಡು ಸೂಜಿ ಯಾಕೆ, ಒಂದಕ್ಕೆ ಮುಗಿಸು.
ಈ ದೊಡ್ಡ ಮಾತ್ರೆ ಬಿಡು,
ಬೇಕಾದರೆ ಚಿಕ್ಕದು ಎರಡು ನುಂಗುತ್ತೇನೆ.
ಪಿತ್ತಕೋಶ ತೆಗೆದು ಹೊರಗೆ ತಂದಾಗ
ಮಂಪರು ಪೂರ್ತಿ ಇಳಿಯುವ ಮೊದಲೇ
ಕಲ್ಲು ಎಷ್ಟಿದ್ದವು, ಎಣಿಸಿ ಕೊಡಿ ಅಂದವಳು.

ಅದು ಮೊನ್ನೆ.
ಈ ರಾತ್ರಿ ಎರಡೂವರೆಗೆ
ಸಿರಿಂಜು ಹಿಡಿದು ನಿಂತೆ.
ಅವಳು ತೋಳು ಚಾಚಿದಳು.
ಅಷ್ಟೇ.
ಹೇಗಿದ್ದೀ ಮಾಯ್, ಅಂದೆ.
'ಕಾಂಯ್ ನಾ, ಬಾಯ್.'
ಏನೂ ಇಲ್ಲ.

ಚಾರ್ಟೂ ಅದನ್ನೇ ಹೇಳುತ್ತಿತ್ತು.
ಬಿಪಿ ನೂರಾ ಹದಿನಾಲ್ಕು, ಎಪ್ಪತ್ತೆರಡು.
ಜ್ವರವಿಲ್ಲ. ಗಾಯ ಒಣಗುತ್ತಿದೆ.
ನಾಡಿ ತೊಂಬತ್ತಾರು, ಸಂಜೆ ಎಂಬತ್ತೆರಡಿತ್ತು,
ಆದರೆ ಸೆಖೆ, ಆದರೆ ಪಕ್ಕದವಳು ಇಡೀ ರಾತ್ರಿ ನರಳಿದ್ದಳು,
ಎಲ್ಲದಕ್ಕೂ ಒಂದು 'ಆದರೆ' ಸಿಗುತ್ತದೆ ರಾತ್ರಿಪಾಳಿಗೆ.
ಉಸಿರು: ಹದಿನೆಂಟು, ಹದಿನೆಂಟು, ಹದಿನೆಂಟು.
ಮೂರು ಪಾಳಿ, ಮೂರು ಕೈಬರಹ, ಒಂದೇ ಅಂಕಿ.
ನಾನೂ ಬರೆದಿದ್ದೇನೆ ಆ ಹದಿನೆಂಟನ್ನು
ಎಷ್ಟೋ ಸಲ, ಎಣಿಸದೆ.

ಹೋದ ವರ್ಷ ಗಂಡಸರ ವಾರ್ಡಿನಲ್ಲಿ
ಪರ್ವರಿಯ ಕಟ್ಟಡದ ಸೆಂಟ್ರಿಂಗಿನಿಂದ ಬಿದ್ದ ಹುಡುಗ,
ಸಿಂದಗಿ ಕಡೆಯವನು, ಮಲಕಾರಿ ಅಂತ ಹೆಸರು.
'ಏನಿಲ್ರೀ ಅಕ್ಕಾರ, ಚಲೋ ಅದೀನಿ' ಅಂದ.
ಆರು ವರ್ಷದಿಂದ ಗೋವೆಯಲ್ಲಿದ್ದ ನನಗೆ
ಆ 'ಚಲೋ' ಎಷ್ಟು ರುಚಿಸಿತೆಂದರೆ
ನಾಡಿ ಹಿಡಿಯುವುದು ಬಿಟ್ಟು ಊರು ಕೇಳುತ್ತ ಕೂತೆ,
ಯಾವ ಓಣಿ, ಜೋಳದ ದರ ಈಗೇನು.
ನನ್ನ ಭಾಷೆಯಲ್ಲವೇ ಅಂತ ನಂಬಿದೆ.
ಒಳಗೆ ಅವನ ಗುಲ್ಮ ಒಸರುತ್ತಿತ್ತು.
ಐದೂವರೆಗೆ ಚಹಾ ಹಿಡಿದು ಹೋದೆ.
ಉಳಿದದ್ದು ಬರೆಯಲಾರೆ.

ಎಸ್ಪೆರಾನ್ಸಾಳ ಎದೆಯ ಮೇಲೆ ಅಂಗೈ ಇಟ್ಟು
ಗಡಿಯಾರದ ಸಣ್ಣ ಮುಳ್ಳು ಪೂರಾ ಒಂದು ಸುತ್ತು ಬರುವತನಕ
ಎಣಿಸಿದೆ. ಇಪ್ಪತ್ತೆಂಟು.
ಮತ್ತೊಮ್ಮೆ. ಇಪ್ಪತ್ತೊಂಬತ್ತು.
ಮೀನು ಮಾರುವವಳ ಬಲಗಾಲಿನ ಮೀನಖಂಡ
ಎಡಗಾಲಿಗಿಂತ ಬೆಚ್ಚಗಿತ್ತು,
ಅಥವಾ ನನ್ನ ಬಲಗೈ ತಣ್ಣಗಿತ್ತು.

ಡಾಕ್ಟರ್ ಕುಂಕಳಿಕಾರರಿಗೆ ಫೋನು ಹಚ್ಚಿದೆ.
'ಬಿಪಿ?' ಸರಿ ಇದೆ.
'ಆಕ್ಸಿಜನ್?' ತೊಂಬತ್ತಮೂರು.
'ಬೆರಳು ತಣ್ಣಗಿರಬೇಕು. ಬೆಳಿಗ್ಗೆ ನೋಡೋಣ.'
ನನಗೆ ಯಾಕೋ ಸರಿ ಅನ್ನಿಸುತ್ತಿಲ್ಲ ಸರ್.
'ಅನ್ನಿಸಿದ್ದು ಬೇಡ ಸಿಸ್ಟರ್, ಆದದ್ದು ಹೇಳಿ.'
ಏನು ಹೇಳಲಿ?
ಸಂತೆಯ ಹೆಂಗಸು ಇವತ್ತು ಚೌಕಾಸಿ ಮಾಡಲಿಲ್ಲ ಅನ್ನಲೇ?
ಅದಕ್ಕೆ ನಮ್ಮ ಚಾರ್ಟಿನಲ್ಲಿ ಕಾಲಮ್ಮಿಲ್ಲ.

ಅದನ್ನೇ ಅಂದೆ.
ಆ ಕಡೆ ಫ್ಯಾನಿನ ಸದ್ದು, ಬಹಳ ಹೊತ್ತು.
ಆಮೇಲೆ ಮಂಚ ಕಿರುಗುಟ್ಟಿತು.
'ಬರ್ತೇನೆ.'

ಅವರು ಬರುವ ಹನ್ನೊಂದು ನಿಮಿಷದಲ್ಲಿ
ತಲೆಯ ಕಡೆ ಮಂಚ ಎತ್ತರಿಸಿದೆ, ಆಕ್ಸಿಜನ್ ಹಚ್ಚಿದೆ,
ಯಾರೂ ಹೇಳದೆ ಆಂಬ್ಯುಲೆನ್ಸಿಗೂ ಹೇಳಿಟ್ಟೆ.
ತಪ್ಪಾದರೆ ನಾಳೆ ಮೇಟ್ರನ್ ಎದುರು
ನಾನೊಬ್ಬಳೇ ನಿಲ್ಲಬೇಕು ಅನ್ನಿಸಿತು.
ತಪ್ಪೇ ಆಗಲಿ ದೇವರೇ, ಅಂತಲೂ.

ನಾಲ್ಕು ಹತ್ತಕ್ಕೆ ಬಾಂಬೋಳಿಯ ದೊಡ್ಡಾಸ್ಪತ್ರೆಗೆ ಹೊರಟಾಗ,
ಬಾಗಿಲಲ್ಲಿ ಸ್ಟ್ರೆಚರು ತುಸು ನಿಂತಾಗ,
ಮಾಸ್ಕು ಸರಿಸಿ ಕೇಳಿದಳು,
'ಭಾಡೆಂ ಕಿತ್ಲೆಂ?'
ಬಾಡಿಗೆ ಎಷ್ಟು.
ಅವಳ ಮಾಸ್ಕು ಸರಿಯಾಗಿ ಕೂರಿಸುತ್ತ
'ಕಾಂಯ್ ನಾ' ಅಂದೆ.
ಅವಳು ನಂಬಲಿಲ್ಲ.

ಅಲ್ಲಿಂದ ಸುದ್ದಿ ಇನ್ನೂ ಬಂದಿಲ್ಲ.
ಎಂಟನೆಯವಳು ಹೇಗಿದ್ದೀ ಅಂದರೆ ಸುಮ್ಮನೆ ತಲೆಯಾಡಿಸುತ್ತಾಳೆ.
ತಾಳಿ, ಎಣಿಸುತ್ತಿದ್ದೇನೆ.